ಅಮೆರಿಕದ ಕಾಲೇಜು ವಾಲಿಬಾಲ್‌ನಲ್ಲಿ ಆಟಗಾರ್ತಿಯರ ಆಯ್ಕೆ

ಅಮೆರಿಕ ಸಂಯುಕ್ತ ಸಂಸ್ಥಾನದ ಕಾಲೇಜು ಕೋಚ್‌ಗಳು ಪ್ರೌಢಶಾಲೆಯ ವಯಸ್ಸಿನ ವಾಲಿಬಾಲ್ ಆಟಗಾರ್ತಿಯರನ್ನು ಹುಡುಕಿ, ಅಳೆದು ನೋಡಿ, ವಿದ್ಯಾರ್ಥಿವೇತನ ಕೊಟ್ಟೋ ಕೊಡದೆಯೋ ತಮ್ಮ ತಂಡಕ್ಕೆ ಸೇರಿಸಿಕೊಳ್ಳುವ ಪದ್ಧತಿ. ಆಡುಮಾತಿನಲ್ಲಿ ಇದಕ್ಕೆ ರಿಕ್ರೂಟಿಂಗ್ ಎಂದೇ ಹೆಸರು. ನಮ್ಮ ಕ್ರೀಡಾ ಕೋಟಾದ ಸೀಟಿಗೆ ಇದನ್ನು ಹೋಲಿಸುವುದುಂಟು. ಆದರೆ ಆ ಹೋಲಿಕೆ ಬಹಳ ದೂರ ಸಾಗುವುದಿಲ್ಲ. ಕೋಟಾದಲ್ಲಿ ಹುಡುಗಿ ಪ್ರಮಾಣಪತ್ರಗಳ ಕಡತ ಹಿಡಿದು ಕಾಲೇಜಿನ ಬಾಗಿಲಿಗೆ ಹೋಗುತ್ತಾಳೆ. ಅಮೆರಿಕದಲ್ಲಿ ಕೋಚ್ ವಿಮಾನ ಹತ್ತಿ ಹುಡುಗಿ ಆಡುವ ಅಂಗಳಕ್ಕೆ ಬರುತ್ತಾರೆ, ಅದೂ ಅವಳು ಕಾಲೇಜು ಸೇರುವುದಕ್ಕೆ ಎರಡು ಮೂರು ವರ್ಷ ಮೊದಲೇ. ಆ ಅಂಗಳ ಬಹುತೇಕ ಖಾಸಗಿ ಕ್ಲಬ್‌ಗಳ ಟೂರ್ನಿಯದು. ಶಾಲೆಯ ತಂಡ ಬಿಟ್ಟು ಕ್ಲಬ್ ತಂಡ ಆಯ್ಕೆಯ ಹೆಬ್ಬಾಗಿಲಾದದ್ದು ಹೇಗೆ ಎಂಬುದು ತಿಳಿದರೆ ಈ ಪದ್ಧತಿಯ ಗುಣವೂ ದೋಷವೂ ಒಟ್ಟಿಗೇ ಅರ್ಥವಾಗುತ್ತವೆ.

ಹಿನ್ನೆಲೆ

ವಾಲಿಬಾಲ್ ಹುಟ್ಟಿದ್ದು 1895ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಹೋಲಿಯೋಕ್ ಊರಿನ ವೈಎಂಸಿಎಯಲ್ಲಿ. ಅದನ್ನು ರೂಪಿಸಿದವರು ವಿಲಿಯಂ ಮಾರ್ಗನ್. ಹುಟ್ಟಿದ ನಾಡಿನಲ್ಲಿ ಅದು ಬಹುಕಾಲ ವಿರಾಮದ ಆಟವಾಗಿಯೇ ಉಳಿಯಿತು. ಕಾಲೇಜುಗಳಲ್ಲಿ ಹೆಣ್ಣುಮಕ್ಕಳ ಆಟಕ್ಕೆ ಹಣವೂ ಇರಲಿಲ್ಲ, ಸಮಯವೂ ಇರಲಿಲ್ಲ. ಈ ಸ್ಥಿತಿಯನ್ನು ಬದಲಿಸಿದ್ದು 1972ರ ಟೈಟಲ್ ನೈನ್ ಕಾಯ್ದೆ. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಹೆಣ್ಣು ಗಂಡೆಂಬ ಭೇದ ಮಾಡಕೂಡದು ಎನ್ನುವ ಈ ಕಾಯ್ದೆಯ ಮೂಲ ಪಠ್ಯದಲ್ಲಿ ಕ್ರೀಡೆಯ ಮಾತೇ ಇಲ್ಲ. ಆದರೂ ಅದರ ಫಲವನ್ನು ಅತಿ ಹೆಚ್ಚು ಉಂಡ ಕ್ಷೇತ್ರಗಳಲ್ಲಿ ಕ್ರೀಡೆ ಒಂದು.

ವಾಲಿಬಾಲ್‌ಗೆ ಈ ಕಾಯ್ದೆಯಿಂದ ಆದ ಲಾಭಕ್ಕೆ ಸರಳವಾದ ಲೆಕ್ಕವೊಂದಿದೆ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡವೊಂದಕ್ಕೇ 85 ಪೂರ್ಣ ವಿದ್ಯಾರ್ಥಿವೇತನಗಳು ಹೋಗುತ್ತಿದ್ದವು, ಎಲ್ಲವೂ ಹುಡುಗರಿಗೆ. ತಕ್ಕಡಿಯ ಇನ್ನೊಂದು ತಟ್ಟೆ ತೂಗಬೇಕಾದರೆ ಮಹಿಳೆಯರ ತಂಡಗಳಿಗೆ ಉದಾರವಾಗಿ ಕೊಡಲೇಬೇಕಾಯಿತು. ಹೀಗೆ ಕಾಲೇಜು ಕ್ರೀಡೆಯ ಮೂರು ವಿಭಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದಾದ ಮೊದಲ ವಿಭಾಗದ ಮಹಿಳಾ ವಾಲಿಬಾಲ್ ತಂಡಕ್ಕೆ 12 ವಿದ್ಯಾರ್ಥಿವೇತನಗಳು ದಕ್ಕಿದವು. ಅವನ್ನು ತುಂಡು ಮಾಡಿ ಹಂಚುವಂತಿರಲಿಲ್ಲ, ಕೊಟ್ಟರೆ ಪೂರ್ತಿ ಕೊಡಬೇಕು. ಬೋಧನಾ ಶುಲ್ಕ, ವಸತಿ, ಊಟ, ಪುಸ್ತಕ ಎಲ್ಲವೂ ಅದರಲ್ಲಿ ಸೇರಿದ್ದವು. ಪುರುಷರ ವಾಲಿಬಾಲ್ ತಂಡಕ್ಕೆ ಇದ್ದದ್ದು ನಾಲ್ಕೂವರೆ ವಿದ್ಯಾರ್ಥಿವೇತನ ಮಾತ್ರ. ಅದನ್ನೇ ಹತ್ತಾರು ಹುಡುಗರಿಗೆ ಹರಿದು ಹಂಚಬೇಕಿತ್ತು. ಕಾಲೇಜು ವಾಲಿಬಾಲ್ ಎಂದರೆ ಅಮೆರಿಕದಲ್ಲಿ ಮೊದಲು ಹುಡುಗಿಯರ ಆಟ ನೆನಪಾಗುವುದಕ್ಕೆ ಇದೇ ಕಾರಣ. ಈ ಲೇಖನವೂ ಮುಖ್ಯವಾಗಿ ಅವರನ್ನು ಕುರಿತದ್ದು.

ಕಾಲೇಜು ಕ್ರೀಡೆಯನ್ನು ನಡೆಸುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ಮಹಿಳಾ ವಾಲಿಬಾಲ್‌ನ ಮೊದಲ ಚಾಂಪಿಯನ್‌ಷಿಪ್ ನಡೆಸಿದ್ದು 1981ರಲ್ಲಿ. ಪುರುಷರದು 1970ರಲ್ಲೇ ಆರಂಭವಾಗಿತ್ತು. ಮೊದಲ ಮಹಿಳಾ ಪ್ರಶಸ್ತಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾಲಾಯಿತು. ಸ್ಟ್ಯಾನ್‌ಫರ್ಡ್, ಪೆನ್ ಸ್ಟೇಟ್, ನೆಬ್ರಾಸ್ಕಾ, ಟೆಕ್ಸಸ್ ಮುಂದಿನ ದಶಕಗಳಲ್ಲಿ ದೊಡ್ಡ ಹೆಸರುಗಳಾದವು. 2023ರ ಆಗಸ್ಟ್ 30ರಂದು ನೆಬ್ರಾಸ್ಕಾದ ಲಿಂಕನ್ ನಗರದಲ್ಲಿ ಫುಟ್‌ಬಾಲ್ ಕ್ರೀಡಾಂಗಣದ ನಡುವೆ ನೆಟ್ ಕಟ್ಟಿ ನಡೆಸಿದ ಕಾಲೇಜು ವಾಲಿಬಾಲ್ ಪಂದ್ಯಕ್ಕೆ 92,003 ಮಂದಿ ಸೇರಿದ್ದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಚಿನ್ನ ಗೆದ್ದ ಅಮೆರಿಕದ ಮಹಿಳಾ ತಂಡದ 12 ಮಂದಿಯೂ ಕಾಲೇಜು ತಂಡಗಳಲ್ಲಿ ಆಡಿ ಬಂದವರು. ಅವರ ನಾಯಕಿ ಜೋರ್ಡನ್ ಲಾರ್ಸನ್ ನೆಬ್ರಾಸ್ಕಾದ ಹೂಪರ್ ಎಂಬ, ಸಾವಿರ ಜನರೂ ಇಲ್ಲದ ಊರಿನವರು.

ಪಂಚಾಂಗದ ತೊಡಕು

ಬಹುತೇಕ ರಾಜ್ಯಗಳಲ್ಲಿ ಹುಡುಗಿಯರ ಶಾಲಾ ವಾಲಿಬಾಲ್ ಋತು ಆಗಸ್ಟ್‌ನಲ್ಲಿ ಶುರುವಾಗಿ ನವೆಂಬರ್‌ನಲ್ಲಿ ಮುಗಿಯುತ್ತದೆ. ಕಾಲೇಜು ಋತುವೂ ಆಗಸ್ಟ್ ಕೊನೆಯಲ್ಲೇ ಆರಂಭವಾಗಿ ಡಿಸೆಂಬರ್‌ವರೆಗೆ ನಡೆಯುತ್ತದೆ. ಅಂದರೆ ಶಾಲೆಯ ಹುಡುಗಿ ಅಂಗಳದಲ್ಲಿರುವ ಸಂಜೆ, ಅವಳನ್ನು ನೋಡಬೇಕಾದ ಕೋಚ್ ತಮ್ಮದೇ ತಂಡದ ಬೆಂಚಿನಲ್ಲಿರುತ್ತಾರೆ. ಕ್ಲಬ್ ಋತು ಹಾಗಲ್ಲ. ಶಾಲೆಯ ಪಂದ್ಯಗಳು ಮುಗಿದ ಮೇಲೆ ಅಭ್ಯಾಸ ಆರಂಭವಾಗಿ, ಜನವರಿಯಿಂದ ಟೂರ್ನಿಗಳು ನಡೆದು, ಜೂನ್ ಕೊನೆ, ಜುಲೈ ಆರಂಭದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಲ್ಲಿ ಕೊನೆಗೊಳ್ಳುತ್ತದೆ. ಆಗ ಕೋಚ್‌ಗಳಿಗೆ ಬಿಡುವು.

ಇದರ ಜತೆಗೆ ಇನ್ನೊಂದು ಅನುಕೂಲವಿದೆ. ಶಾಲೆಯ ಮುಖ್ಯ ತಂಡದಲ್ಲಿ ಹದಿನಾಲ್ಕರ ಹುಡುಗಿಯೂ ಹದಿನೆಂಟರವಳೂ ಒಟ್ಟಿಗೆ ಆಡುತ್ತಾರೆ. ಎದುರಾಳಿ ತಂಡ ಬಲಿಷ್ಠವೋ ದುರ್ಬಲವೋ ಎಂಬುದು ಆ ಜಿಲ್ಲೆಯ ಹಣೆಬರಹ. ಕ್ಲಬ್‌ನಲ್ಲಿ ತಂಡಗಳು ವಯಸ್ಸಿನ ಪ್ರಕಾರ ಬೇರೆ ಬೇರೆ: ಹದಿನಾಲ್ಕರವರ ಗುಂಪು, ಹದಿನೈದರವರ ಗುಂಪು, ಹೀಗೆ ಹದಿನೆಂಟರವರೆಗೆ. ಪ್ರತಿ ವಯೋಗುಂಪಿನಲ್ಲೂ ಓಪನ್ ಎಂಬ ಮೇಲಿನ ದರ್ಜೆ, ಅದರ ಕೆಳಗೆ ಇನ್ನೂ ಕೆಲವು ದರ್ಜೆಗಳು. ಸಮಾನ ವಯಸ್ಸಿನ, ಸಮಾನ ಬಲದ ಎದುರಾಳಿಯ ಮುಂದೆ ಹುಡುಗಿ ಏನು ಮಾಡುತ್ತಾಳೆ ಎಂಬುದನ್ನು ಕೋಚ್ ಕಣ್ಣಾರೆ ನೋಡಬಹುದು. ಡಲ್ಲಾಸ್, ಷಿಕಾಗೊ, ಮಿನಿಯಾಪೊಲಿಸ್, ಕಾನ್ಸಸ್ ಸಿಟಿ, ಅಟ್ಲಾಂಟ ಮುಂತಾದ ನಗರಗಳ ಸಮ್ಮೇಳನ ಭವನಗಳಲ್ಲಿ ವಾರಾಂತ್ಯಕ್ಕೆ ಹತ್ತಾರು, ಕೆಲವೊಮ್ಮೆ ನೂರಕ್ಕೂ ಹೆಚ್ಚು ಅಂಗಳಗಳನ್ನು ಒಟ್ಟಿಗೆ ಹಾಸುತ್ತಾರೆ. ಆರ್ಲಾಂಡೊದಲ್ಲಿ ಜೂನ್‌ನಲ್ಲಿ ನಡೆಯುವ, ಎಎಯು ಎಂಬ ಕ್ರೀಡಾ ಸಂಸ್ಥೆಯ ರಾಷ್ಟ್ರೀಯ ಟೂರ್ನಿ ಜಗತ್ತಿನ ಅತಿ ದೊಡ್ಡ ವಾಲಿಬಾಲ್ ಟೂರ್ನಿಗಳಲ್ಲೊಂದು. ಶಾಲೆಯಿಂದ ಶಾಲೆಗೆ ಕಾರಿನಲ್ಲಿ ಅಲೆದು ತಿಂಗಳಿಡೀ ನೋಡಬಹುದಾದಷ್ಟು ಹುಡುಗಿಯರನ್ನು ಇಲ್ಲಿ ಎರಡು ದಿನದಲ್ಲಿ ನೋಡಿ ಮುಗಿಸಬಹುದು.

ಕ್ಲಬ್‌ಗಳನ್ನು ಒಂದೇ ಛತ್ರದಡಿ ತಂದವರು ಯಾರೂ ಇಲ್ಲ. ಯುಎಸ್‌ಎ ವಾಲಿಬಾಲ್ ಸಂಸ್ಥೆ ದೇಶವನ್ನು 40 ಪ್ರಾದೇಶಿಕ ಘಟಕಗಳಾಗಿ ವಿಂಗಡಿಸಿಕೊಂಡಿದೆ. ಅದರ ಅರ್ಹತಾ ಟೂರ್ನಿಗಳಲ್ಲಿ ಗೆದ್ದ ತಂಡಕ್ಕೆ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಪ್ರವೇಶ ಸಿಗುತ್ತದೆ. ಇದಕ್ಕೆ ಬಿಡ್ ಎನ್ನುತ್ತಾರೆ, ಮಾರ್ಚ್ ಏಪ್ರಿಲ್ ತಿಂಗಳಲ್ಲಿ ಕ್ಲಬ್ ಮನೆಗಳ ಊಟದ ಮೇಜಿನ ಮೇಲೆ ಈ ಪದಕ್ಕಿಂತ ಹೆಚ್ಚು ಕೇಳಿಬರುವ ಪದ ಇನ್ನೊಂದಿಲ್ಲ. ಎಎಯು ಮತ್ತು ಜೂನಿಯರ್ ವಾಲಿಬಾಲ್ ಅಸೋಸಿಯೇಷನ್ ತಮ್ಮದೇ ಟೂರ್ನಿಗಳನ್ನು ನಡೆಸುತ್ತವೆ. ಇತ್ತೀಚೆಗೆ ಲೀಗ್ ಒನ್ ವಾಲಿಬಾಲ್ ಎಂಬ ಕಂಪನಿ ಹಲವು ಕ್ಲಬ್‌ಗಳನ್ನು ತನ್ನ ಜಾಲಕ್ಕೆ ಸೇರಿಸಿಕೊಂಡು, 2025ರ ಜನವರಿಯಿಂದ ವೃತ್ತಿಪರ ಲೀಗನ್ನೂ ಆರಂಭಿಸಿದೆ.

ಈ ಪದ್ಧತಿಯ ದೊಡ್ಡ ಅನ್ಯಾಯವೂ ಇಲ್ಲೇ ಇದೆ. ಶಾಲೆಯ ತಂಡದಲ್ಲಿ ಆಡಲು ಹೆಚ್ಚು ಖರ್ಚಿಲ್ಲ. ಕ್ಲಬ್‌ಗೆ ವರ್ಷಕ್ಕೆ ಸಾವಿರಾರು ಡಾಲರ್ ಶುಲ್ಕ ಕಟ್ಟಬೇಕು. ವಿಮಾನ, ಹೋಟೆಲು, ಊಟ, ಜತೆಗೆ ಹೋಗುವ ಅಪ್ಪ ಅಮ್ಮನ ರಜೆ ಇವೆಲ್ಲ ಅದರ ಮೇಲಿನ ಖರ್ಚು. ಐದಾರು ವರ್ಷ ಹೀಗೆ ಸುರಿದ ಹಣವನ್ನು ಕೂಡಿಸಿದರೆ ಕೆಲವು ಸರ್ಕಾರಿ ವಿಶ್ವವಿದ್ಯಾಲಯಗಳ ಶುಲ್ಕಕ್ಕೆ ಸಾಕಾದೀತು. ಕೆಲವು ಕ್ಲಬ್‌ಗಳು ಬಡ ಹುಡುಗಿಯರಿಗೆ ಶುಲ್ಕ ವಿನಾಯಿತಿ ಕೊಡುತ್ತವೆ, ಆದರೆ ಅದು ಆಯಾ ಕ್ಲಬ್‌ನ ಔದಾರ್ಯ. ಜಿಗಿತ ಇದ್ದೂ ದುಡ್ಡಿಲ್ಲದ ಹುಡುಗಿಯನ್ನು ಕಾಲೇಜು ಕೋಚ್ ನೋಡುವ ಸಂಭವ ಕಡಿಮೆ. ಕಾಯ್ದೆ ಹೆಣ್ಣುಮಕ್ಕಳಿಗೆ ತೆರೆದ ಬಾಗಿಲನ್ನು ಶುಲ್ಕ ಅರ್ಧ ಮುಚ್ಚಿದೆ ಎಂದೇ ಹೇಳಬೇಕು.

ಕೋಚ್ ಏನನ್ನು ನೋಡುತ್ತಾರೆ

ಕಾಲೇಜಿನ ಲಾಂಛನವಿರುವ ಅಂಗಿ ತೊಟ್ಟು ಅಂಗಳದ ಕೊನೆಗೆರೆಯ ಹಿಂದೆ ಕುರ್ಚಿ ಹಾಕಿ ಕೂತ ಕೋಚ್‌ಗಳ ಸಾಲು ಯಾವ ಕ್ಲಬ್ ಟೂರ್ನಿಯಲ್ಲೂ ಕಾಣುವ ದೃಶ್ಯ. ಅವರ ಕೈಯಲ್ಲಿ ಫೋನೋ ಟ್ಯಾಬ್ಲೆಟ್ಟೋ ಇರುತ್ತದೆ, ಅದರಲ್ಲಿ ಯೂನಿವರ್ಸಿಟಿ ಅಥ್ಲೀಟ್‌ನಂಥ ಆ್ಯಪ್. ಯಾವ ಅಂಗಳದಲ್ಲಿ ಎಷ್ಟು ಗಂಟೆಗೆ ಯಾರ ಪಂದ್ಯ, ಜೆರ್ಸಿ ಸಂಖ್ಯೆ, ಎತ್ತರ, ಶಾಲೆ ಮುಗಿಸುವ ವರ್ಷ, ಅಂಕಗಳು ಎಲ್ಲವೂ ಅಲ್ಲಿರುತ್ತವೆ. ಪಂದ್ಯ ನೋಡುತ್ತಲೇ ಟಿಪ್ಪಣಿ ಬರೆಯುತ್ತಾರೆ. ಸಾಮಾನ್ಯವಾಗಿ ಈ ಹೊಣೆ ಹೊತ್ತವರು ಸಹಾಯಕ ಕೋಚ್. ಪಟ್ಟಿ ಸಣ್ಣದಾಗಿ ಹತ್ತಿಪ್ಪತ್ತು ಹೆಸರಿಗೆ ಇಳಿದಾಗ ಮುಖ್ಯ ಕೋಚ್ ಬರುತ್ತಾರೆ. ಮುಖ್ಯ ಕೋಚೇ ಬಂದು ಕೂತರೆಂದರೆ ಅದರ ಅರ್ಥ ಅಂಗಳದಲ್ಲಿರುವವರಿಗೆಲ್ಲ ಗೊತ್ತು.

ಮೊದಲ ಜರಡಿ ದೇಹದ್ದು. ಮಹಿಳೆಯರ ನೆಟ್‌ನ ಎತ್ತರ 2.24 ಮೀಟರ್. ಓಡಿಬಂದು ಜಿಗಿದಾಗ ಕೈ ಎಲ್ಲಿಗೆ ಮುಟ್ಟುತ್ತದೆ, ನಿಂತಲ್ಲಿಂದ ಎರಡೂ ಕೈ ಎತ್ತಿ ಜಿಗಿದಾಗ ಎಲ್ಲಿಗೆ ಎಂಬ ಎರಡು ಅಳತೆಗಳನ್ನು ಕೋಚ್‌ಗಳು ಬರಿಯ ಎತ್ತರಕ್ಕಿಂತ ಹೆಚ್ಚು ನಂಬುತ್ತಾರೆ. ನೆಟ್‌ನ ನಡುವೆ ಆಡುವ ಬ್ಲಾಕರ್‌ಗೆ ಆರಡಿಗಿಂತ ಹೆಚ್ಚಿನ ಎತ್ತರವನ್ನು ದೊಡ್ಡ ತಂಡಗಳು ಬಯಸುತ್ತವೆ. ಹದಿನೈದರ ಹುಡುಗಿ ಇನ್ನೂ ಬೆಳೆಯುತ್ತಾಳೆಯೇ ಎಂಬ ಊಹೆಯೂ ಇದರಲ್ಲಿ ಸೇರಿರುತ್ತದೆ. ಎಡಬದಿಯ ಅಟ್ಯಾಕರ್‌ಗೆ ಹೊಡೆತದಷ್ಟೇ ಸರ್ವ್ ತೆಗೆಯುವ ಕೈಯೂ ಬೇಕು. ಸರ್ವ್ ತೆಗೆಯಲಾರದವಳಿಗೆ ಹಿಂದಿನ ಸಾಲಿನಲ್ಲಿ ಬದಲಿ ಬೇಕಾಗುತ್ತದೆ, ಹೀಗೆ ಅವಳೊಬ್ಬಳಿಗೆ ತಂಡದ ಎರಡು ಜಾಗ ಖರ್ಚಾಗುತ್ತವೆ.

ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಸೆಟ್ಟರ್ ಆಯ್ಕೆ ಎಲ್ಲಕ್ಕಿಂತ ಕಷ್ಟದ್ದು. ಒಂದು ತಂಡಕ್ಕೆ ನಾಲ್ಕು ವರ್ಷಗಳಲ್ಲಿ ಇಬ್ಬರೋ ಮೂವರೋ ಸೆಟ್ಟರ್‌ಗಳು ಸಾಕು, ಹಾಗಾಗಿ ಯಾವುದೋ ಒಂದು ವರ್ಷ ಒಂದು ಕಾಲೇಜಿಗೆ ಸೆಟ್ಟರ್ ಬೇಕೇ ಇರುವುದಿಲ್ಲ. ಅತ್ಯುತ್ತಮ ಸೆಟ್ಟರ್ ಆದರೂ ಆ ವರ್ಷ ಅವಳಿಗೆ ಅಲ್ಲಿ ಜಾಗವಿಲ್ಲ. ಕೈಗೆ ಚೆಂಡು ಬಂದಾಗ ಅವಳ ಬೆನ್ನು ಯಾವ ಕಡೆಗಿದೆ, ಕೆಟ್ಟ ಪಾಸ್ ಬಂದಾಗ ಕಾಲು ಎಷ್ಟು ಬೇಗ ಓಡುತ್ತದೆ, ಸೋಲುತ್ತಿರುವಾಗ ಯಾರಿಗೆ ಚೆಂಡು ಕೊಡುತ್ತಾಳೆ ಎಂಬುದನ್ನು ಕೋಚ್ ಗಮನಿಸುತ್ತಾರೆ. ಲಿಬೆರೊ ಎಂಬ ರಕ್ಷಣಾ ಆಟಗಾರ್ತಿಯ ಸ್ಥಾನ ಅಮೆರಿಕದ ಕಾಲೇಜು ಆಟಕ್ಕೆ ಬಂದದ್ದು 2002ರಲ್ಲಿ. ಗಿಡ್ಡಗಿರುವ ಚುರುಕು ಹುಡುಗಿಯರಿಗೆ ಅದು ವರವಾಯಿತು. ಟೋಕಿಯೊದ ಅತ್ಯುತ್ತಮ ಲಿಬೆರೊ ಎನಿಸಿಕೊಂಡ ಜಸ್ಟೀನ್ ವಾಂಗ್-ಒರಾಂಟಿಸ್ ಅವರ ಎತ್ತರ ಐದಡಿ ಆರಂಗುಲ. ಅವರೂ ಕಾಲೇಜಿನಲ್ಲಿ ನೆಬ್ರಾಸ್ಕಾ ತಂಡಕ್ಕೆ ಆಡಿದವರು.

ಎರಡನೆಯ ಜರಡಿಗೆ ಅಳತೆಪಟ್ಟಿಯಿಲ್ಲ. ಚೆಂಡು ಹೊರಹೋದಾಗ ಹುಡುಗಿಯ ಮುಖ ಹೇಗಾಗುತ್ತದೆ, ಬೆಂಚಿಗೆ ಕರೆದಾಗ ಅವಳು ಎಲ್ಲಿ ಕೂರುತ್ತಾಳೆ, ಪಂದ್ಯದ ನಡುವೆ ನೀರಿನ ಬಾಟಲಿ ಯಾರು ತಂದುಕೊಟ್ಟರು, ತಾಯಿಯ ಜತೆ ಯಾವ ದನಿಯಲ್ಲಿ ಮಾತಾಡಿದಳು, ತಂದೆ ಗ್ಯಾಲರಿಯಲ್ಲಿ ರೆಫರಿಯ ಮೇಲೆ ಕೂಗಾಡುತ್ತಾರೆಯೇ ಎಂಬುದನ್ನೆಲ್ಲ ನೋಡುವ ಕೋಚ್‌ಗಳಿದ್ದಾರೆ. ನಾಲ್ಕು ವರ್ಷ ದಿನಾ ಜತೆಗಿರಬೇಕಾದವಳು ಅವಳು. ಪಂದ್ಯಕ್ಕೆ ಮುಂಚಿನ ಅಭ್ಯಾಸದ ವೇಳೆಗೇ ಬಂದು ಕೂತು, ಸ್ಕೋರ್ ಶುರುವಾದ ಮೇಲೆ ಎದ್ದು ಹೋಗುವ ಕೋಚ್ ಆಸಕ್ತಿ ಇಲ್ಲದವರೆಂದು ತಿಳಿಯಬಾರದು. ಅವರಿಗೆ ಬೇಕಾದದ್ದು ಆಗಲೇ ಸಿಕ್ಕಿರಬಹುದು.

ಮಾತಾಡುವ ಹಕ್ಕು

ನೋಡುವುದಕ್ಕೆ ಅಡ್ಡಿ ಕಡಿಮೆ, ಮಾತಾಡುವುದಕ್ಕೆ ಕಟ್ಟುಪಾಡು ಬಹಳ. ಮೊದಲ ವಿಭಾಗದ ಕೋಚ್ ಆಟಗಾರ್ತಿಯೊಂದಿಗೆ ಫೋನು, ಪತ್ರ, ಸಂದೇಶಗಳ ಮೂಲಕ ಮಾತು ಶುರುಮಾಡಬಹುದಾದದ್ದು ಅವಳು ಹತ್ತನೇ ತರಗತಿ ಮುಗಿಸಿದ ವರ್ಷದ ಜೂನ್ 15ರಿಂದ. ಅವಳು ಕಾಲೇಜಿಗೆ ಭೇಟಿ ಕೊಟ್ಟು ಕೋಚ್‌ಗಳ ಜತೆ ಕೂತು ಆಯ್ಕೆಯ ಮಾತಾಡಬಹುದಾದದ್ದು ಹನ್ನೊಂದನೇ ತರಗತಿಗೆ ಮುಂಚಿನ ಆಗಸ್ಟ್ 1ರಿಂದ. ಅದಕ್ಕೆ ಮೊದಲು ಪ್ರಶ್ನಾವಳಿ, ಬೇಸಿಗೆ ಶಿಬಿರದ ಕರಪತ್ರ ಇಂಥವನ್ನಷ್ಟೇ ಕಳಿಸಬಹುದು.

ಈ ನಿಯಮ ಜಾರಿಗೆ ಬಂದದ್ದು 2019ರಲ್ಲಿ. ಅದಕ್ಕೆ ಹಿಂದಿನ ಸ್ಥಿತಿ ನೆನೆದರೆ ಬೇಸರವಾಗುತ್ತದೆ. ಆಗಲೂ ಕೋಚ್ ಫೋನ್ ಮಾಡುವಂತಿರಲಿಲ್ಲ, ಆದರೆ ಹುಡುಗಿ ಮಾಡಿದ ಕರೆಯನ್ನು ಎತ್ತಬಹುದಿತ್ತು. ಹೀಗಾಗಿ ಕಾಲೇಜು ಕೋಚ್ ಕ್ಲಬ್ ಕೋಚ್‌ಗೆ ಹೇಳುವುದು, ಕ್ಲಬ್ ಕೋಚ್ ಹುಡುಗಿಗೆ ಹೇಳುವುದು, ಹುಡುಗಿ ಹೇಳಿದ ಹೊತ್ತಿಗೆ ಫೋನ್ ಮಾಡುವುದು ರೂಢಿಯಾಯಿತು. ಎಂಟನೇ ಒಂಬತ್ತನೇ ತರಗತಿಯ ಮಕ್ಕಳು ತಾವು ಇಂಥ ವಿಶ್ವವಿದ್ಯಾಲಯಕ್ಕೇ ಹೋಗುವುದೆಂದು ಮಾತು ಕೊಟ್ಟು, ಅದು ಸುದ್ದಿಯೂ ಆಗುತ್ತಿತ್ತು. ತಾನು ಮುಂದೆ ಏನು ಓದಬೇಕೆಂದು ಇನ್ನೂ ಗೊತ್ತಿರದ ಹದಿನಾಲ್ಕರ ಮಗು ನಾಲ್ಕು ವರ್ಷದಾಚೆಯ ಕಾಲೇಜನ್ನು ಆರಿಸಬೇಕಿತ್ತು. ತಡಮಾಡಿದರೆ ಆ ಜಾಗ ಇನ್ನೊಬ್ಬಳಿಗೆ ಹೋಗುತ್ತದೆಂಬ ಭಯ ಅಪ್ಪ ಅಮ್ಮನನ್ನೂ ಕಾಡುತ್ತಿತ್ತು. ಮಾತು ಕೊಟ್ಟ ಕೋಚ್ ಈ ನಡುವೆ ಬೇರೆ ಕಾಲೇಜಿಗೆ ಹೋಗಿಬಿಟ್ಟರೆ ಹುಡುಗಿಯ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಹೊಸ ನಿಯಮ ಹುಡುಗಿಯ ಕಡೆಯ ಕರೆಯನ್ನೂ ನಿಷೇಧಿಸಿ ಆ ಕಿಂಡಿಯನ್ನು ಮುಚ್ಚಿತು. ಈ ಪದ್ಧತಿಯಲ್ಲಿ ಈಚೆಗೆ ಆದ ಬದಲಾವಣೆಗಳಲ್ಲೆಲ್ಲ ಮಕ್ಕಳಿಗೆ ಹಿತವಾದದ್ದು ಇದೇ.

ಆದರೂ ಕ್ಲಬ್ ಕೋಚ್ ನಡುವಿನ ಕೊಂಡಿಯಾಗಿ ಉಳಿದೇ ಇದ್ದಾರೆ. ಕಾಲೇಜು ಕೋಚ್ ಅವರೊಂದಿಗೆ ಮಾತಾಡಬಹುದು, ಹುಡುಗಿಯ ಸ್ವಭಾವ, ಗಾಯದ ಇತಿಹಾಸ, ಓದು ಎಲ್ಲವನ್ನೂ ವಿಚಾರಿಸಬಹುದು. ಒಬ್ಬ ಕ್ಲಬ್ ಕೋಚ್‌ನ ಒಂದು ಒಳ್ಳೆಯ ಮಾತು ಹುಡುಗಿಯ ದಾರಿ ತೆರೆಯುತ್ತದೆ, ಒಂದು ಮೌನ ಮುಚ್ಚಿಬಿಡುತ್ತದೆ. ಹದಿಹರೆಯದ ಹುಡುಗಿಯ ಭವಿಷ್ಯ ಒಬ್ಬ ವಯಸ್ಕರ ಬಾಯಲ್ಲಿರುವಾಗ ಆ ಅಧಿಕಾರ ದುರುಪಯೋಗವಾದ ಪ್ರಕರಣಗಳೂ ನಡೆದಿವೆ. 2018ರಲ್ಲಿ ಬಂದ ಕೇಂದ್ರ ಕಾನೂನು, ಅಪ್ರಾಪ್ತ ಆಟಗಾರರ ಮೇಲೆ ದೌರ್ಜನ್ಯದ ಶಂಕೆ ಬಂದರೆ 24 ಗಂಟೆಯೊಳಗೆ ವರದಿ ಮಾಡುವುದನ್ನು ಕ್ರೀಡಾ ಸಂಸ್ಥೆಗಳಲ್ಲಿ ಕೆಲಸ ಮಾಡುವ ವಯಸ್ಕರಿಗೆ ಕಡ್ಡಾಯ ಮಾಡಿತು. ಇಂಥ ದೂರುಗಳ ತನಿಖೆಗೆಂದೇ ಸೇಫ್‌ಸ್ಪೋರ್ಟ್ ಕೇಂದ್ರ 2017ರಿಂದ ಕೆಲಸ ಮಾಡುತ್ತಿದೆ. ಮಗಳನ್ನು ಕ್ಲಬ್‌ಗೆ ಸೇರಿಸುವ ಮನೆಯವರು ಶುಲ್ಕ ವಿಚಾರಿಸುವ ಮೊದಲು ಕ್ಲಬ್ ಈ ನಿಯಮ ಪಾಲಿಸುತ್ತದೆಯೇ ಎಂದು ವಿಚಾರಿಸಬೇಕು.

ಎರಡನೇ ವಿಭಾಗದಲ್ಲೂ ಮಾತು ಶುರುಮಾಡಬಹುದಾದ ದಿನ ಜೂನ್ 15. ಮೂರನೇ ವಿಭಾಗದ ಕೋಚ್‌ಗಳು ಎಂದು ಬೇಕಾದರೂ ಪತ್ರ ಬರೆಯಬಹುದು.

ಪತ್ರ ಮತ್ತು ವಿಡಿಯೊ

ಕೋಚ್ ತಾವಾಗಿ ಹುಡುಕಿಕೊಂಡು ಬರುವುದು ಮೇಲಿನ ಕೆಲವು ನೂರು ಹುಡುಗಿಯರನ್ನು. ಉಳಿದವರು ತಮ್ಮನ್ನು ತಾವೇ ಪರಿಚಯಿಸಿಕೊಳ್ಳಬೇಕು. ಹೇಗೆಂದರೆ, ಟೂರ್ನಿಗೆ ಒಂದೆರಡು ವಾರ ಮೊದಲು ಇಮೇಲ್ ಬರೆಯುತ್ತಾರೆ. ಶಾಲೆ ಮುಗಿಸುವ ವರ್ಷ, ಸ್ಥಾನ, ಎತ್ತರ, ಜಿಗಿತದ ಅಳತೆ, ಕ್ಲಬ್ ಹೆಸರು, ಜೆರ್ಸಿ ಸಂಖ್ಯೆ, ಅಂಕಗಳ ಸರಾಸರಿ, ಪಂದ್ಯಗಳ ವೇಳಾಪಟ್ಟಿ, ವಿಡಿಯೊದ ಕೊಂಡಿ ಇಷ್ಟು ಇರಬೇಕು. ಕೋಚ್ ನಿಯಮದ ಪ್ರಕಾರ ಉತ್ತರಿಸುವಂತಿಲ್ಲದ ವಯಸ್ಸಿನಲ್ಲೂ ಓದಬಹುದು, ಬಂದು ನೋಡಬಹುದು. ಪತ್ರ ಹುಡುಗಿಯದೇ ಆಗಿರಬೇಕು. ತಂದೆ ಬರೆದ ಪತ್ರ ಮೊದಲ ಸಾಲಿನಲ್ಲೇ ಗುರುತು ಸಿಗುತ್ತದೆ, ಅದು ಹುಡುಗಿಗೆ ಒಳ್ಳೆಯದು ಮಾಡುವುದಿಲ್ಲ. ಆ ಕಾಲೇಜು ತನಗೇಕೆ ಬೇಕು ಎಂಬ ಎರಡು ಸಾಲು ನಿಜವಾಗಿ ಬರೆದಿದ್ದರೆ ಅದು ಎದ್ದು ಕಾಣುತ್ತದೆ. ನೂರು ಕಾಲೇಜಿಗೆ ಒಂದೇ ಪತ್ರ ಕಳಿಸಿ ಹೆಸರು ಬದಲಿಸಲು ಮರೆತವರೂ ಇದ್ದಾರೆ.

ವಿಡಿಯೊ ಮೂರರಿಂದ ಐದು ನಿಮಿಷದೊಳಗಿರುವುದು ರೂಢಿ, ಮೊದಲ ಅರ್ಧ ನಿಮಿಷದಲ್ಲೇ ಒಳ್ಳೆಯ ಆಟ ಬರಬೇಕು. ಅಂಗಳದ ಹಿಂಬದಿಯಿಂದ, ಎತ್ತರದಲ್ಲಿ ಕ್ಯಾಮೆರಾ ಇಟ್ಟು ಚಿತ್ರಿಸಿದ್ದೇ ಉಪಯೋಗಕ್ಕೆ ಬರುವುದು. ಆರೂ ಮಂದಿ ಕಂಡರೆ ಮಾತ್ರ ಅವಳು ಚೆಂಡಿಲ್ಲದಾಗ ಎಲ್ಲಿ ನಿಂತಿದ್ದಳೆಂದು ತಿಳಿಯುತ್ತದೆ. ಆಸಕ್ತಿ ಹುಟ್ಟಿದ ಕೋಚ್ ಮುಂದೆ ಕೇಳುವುದು ಕತ್ತರಿಸದ ಇಡೀ ಪಂದ್ಯವನ್ನು. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್‌ನಿಂದ 2021ರ ಮೇ ಕೊನೆಯವರೆಗೆ, ಎನ್‌ಸಿಎಎ ಮೊದಲ ವಿಭಾಗದ ಕೋಚ್‌ಗಳು ಮುಖತಃ ಹೋಗಿ ನೋಡುವುದನ್ನೇ ನಿಲ್ಲಿಸಿತ್ತು. ಒಂದು ತಲೆಮಾರಿನ ಹುಡುಗಿಯರು ಪೂರಾ ವಿಡಿಯೊದ ಬಲದಿಂದಲೇ ಕಾಲೇಜು ಸೇರಿದರು. ಟೂರ್ನಿಯ ಪಂದ್ಯಗಳನ್ನು ನೇರ ಪ್ರಸಾರದಲ್ಲಿ ನೋಡುವ ಅಭ್ಯಾಸ ಆಮೇಲೂ ಉಳಿಯಿತು. ಪರಿಚಯಪುಟ ಮಾಡಿಕೊಟ್ಟು ಕೋಚ್‌ಗಳಿಗೆ ತಲುಪಿಸುತ್ತೇವೆ ಎಂದು ಹಣ ಪಡೆಯುವ ಏಜೆನ್ಸಿಗಳೂ ಹಲವಿವೆ. ಅವು ಕೊಡುವ ಸೇವೆಯ ಬಹುಪಾಲನ್ನು ಶ್ರದ್ಧೆಯುಳ್ಳ ಹುಡುಗಿ ತಾನೇ ಮಾಡಿಕೊಳ್ಳಬಲ್ಲಳು.

ಮಾತು, ಸಹಿ, ಹಣ

ಕೋಚ್ ಬಾಯಿಮಾತಿನಲ್ಲಿ ಕೊಡುವ ಆಹ್ವಾನವೂ ಹುಡುಗಿ ಬಾಯಿಮಾತಿನಲ್ಲಿ ಒಪ್ಪುವುದೂ ಯಾರನ್ನೂ ಕಟ್ಟಿಹಾಕುವುದಿಲ್ಲ. ಕಟ್ಟುವುದು ಸಹಿ. 1964ರಿಂದ ಇದ್ದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಎಂಬ ಒಪ್ಪಂದಪತ್ರವನ್ನು 2024ರ ಅಕ್ಟೋಬರ್‌ನಲ್ಲಿ ರದ್ದುಮಾಡಿದರು. ಈಗ ಕಾಲೇಜು ಮತ್ತು ಆಟಗಾರ್ತಿಯ ನಡುವಿನ ಆರ್ಥಿಕ ನೆರವಿನ ಒಪ್ಪಂದವೇ ಆ ಕೆಲಸ ಮಾಡುತ್ತದೆ. ನವೆಂಬರ್‌ನಲ್ಲಿ ಸಹಿ ಹಾಕುವ ದಿನ ಶಾಲೆಯ ಸಭಾಂಗಣದಲ್ಲಿ ಕಾಲೇಜಿನ ಟೋಪಿ ಹಾಕಿಕೊಂಡು ಮನೆಯವರ ಜತೆ ಫೋಟೊ ತೆಗೆಸಿಕೊಳ್ಳುವ ಸಂಭ್ರಮ ಮಾತ್ರ ಹಾಗೇ ಇದೆ.

ವಿದ್ಯಾರ್ಥಿವೇತನದ ಲೆಕ್ಕವೂ ಬದಲಾಗಿದೆ. ಆಟಗಾರರಿಗೆ ಸಲ್ಲಬೇಕಾದ ಹಣದ ವಿಷಯವಾಗಿ ಎನ್‌ಸಿಎಎ ವಿರುದ್ಧ ಹೂಡಿದ್ದ ಹೌಸ್ ಮೊಕದ್ದಮೆಯ ರಾಜಿಗೆ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ 2025ರ ಜೂನ್ 6ರಂದು ಒಪ್ಪಿಗೆ ಕೊಟ್ಟ ಮೇಲೆ, ಅದಕ್ಕೆ ಒಳಪಟ್ಟ ಕಾಲೇಜುಗಳಲ್ಲಿ 12ರ ಮಿತಿ ಹೋಯಿತು. ಅದರ ಜಾಗದಲ್ಲಿ ತಂಡದಲ್ಲಿ 18ಕ್ಕಿಂತ ಹೆಚ್ಚು ಮಂದಿ ಇರಕೂಡದು ಎಂಬ ಮಿತಿ ಬಂತು. ಕಾಲೇಜಿಗೆ ಶಕ್ತಿಯಿದ್ದರೆ ಹದಿನೆಂಟು ಮಂದಿಗೂ ವಿದ್ಯಾರ್ಥಿವೇತನ ಕೊಡಬಹುದು, ಬೇಕಾದರೆ ತುಂಡು ಮಾಡಿಯೂ ಹಂಚಬಹುದು. ಅದೇ ರಾಜಿ ಕಾಲೇಜುಗಳು ಆಟಗಾರರೊಂದಿಗೆ ನೇರವಾಗಿ ಆದಾಯ ಹಂಚಿಕೊಳ್ಳಲೂ ದಾರಿ ಮಾಡಿತು. 2021ರ ಜುಲೈಯಿಂದಲೇ ಆಟಗಾರರು ತಮ್ಮ ಹೆಸರು, ಚಿತ್ರಗಳನ್ನು ಜಾಹೀರಾತಿಗೆ ಕೊಟ್ಟು ಸಂಪಾದಿಸಬಹುದಾಗಿತ್ತು. ಇದರಲ್ಲಿ ದೊಡ್ಡ ಪಾಲು ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್‌ನವರಿಗೆ ಹೋಗುತ್ತದೆ.

ಶಾಲೆಯ ಹುಡುಗಿಯರ ಮೇಲೆ ಇದಕ್ಕಿಂತ ಹೆಚ್ಚು ಪರಿಣಾಮ ಮಾಡಿದ್ದು ವರ್ಗಾವಣೆ ಪೋರ್ಟಲ್. 2018ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಪಟ್ಟಿಯಲ್ಲಿ ಹೆಸರು ಹಾಕಿದ ಕಾಲೇಜು ಆಟಗಾರ್ತಿಯನ್ನು ಬೇರೆ ಕಾಲೇಜಿನ ಕೋಚ್ ಸಂಪರ್ಕಿಸಬಹುದು. 2024ರ ಹೊತ್ತಿಗೆ ಎಷ್ಟು ಬಾರಿ ಬೇಕಾದರೂ ಕಾಲೇಜು ಬದಲಿಸಿ ತಕ್ಷಣ ಆಡಬಹುದಾಯಿತು. ಕೋಚ್ ಈಗ ಹದಿನೇಳರ ಹುಡುಗಿ ಮೂರು ವರ್ಷದಲ್ಲಿ ಹೇಗಾದಾಳು ಎಂದು ಊಹಿಸುವ ಬದಲು, ಇಪ್ಪತ್ತೊಂದರ ಪಳಗಿದ ಆಟಗಾರ್ತಿಯನ್ನೇ ತರಬಹುದು. ಹೀಗೆ ಹನ್ನೆರಡನೇ ತರಗತಿಯಿಂದ ಬರುವವರ ಜಾಗ ಕಡಿಮೆಯಾಗುತ್ತಿದೆ. ಮೊದಲು ಸಣ್ಣ ಕಾಲೇಜಿನಲ್ಲೋ ಎರಡು ವರ್ಷದ ಜೂನಿಯರ್ ಕಾಲೇಜಿನಲ್ಲೋ ಆಡಿ ಹೆಸರು ಮಾಡಿ ಮೇಲೇರುವ ದಾರಿ ಹೆಚ್ಚು ತುಳಿದದ್ದಾಗುತ್ತಿದೆ. ದೊಡ್ಡ ಹೆಸರಿನ ತಂಡದ ಬೆಂಚಿಗಿಂತ ಆಡುವ ಅವಕಾಶ ಮೇಲು ಎಂಬುದಕ್ಕೆ ಸಿನ್ಸಿನಾಟಿ ವಿಶ್ವವಿದ್ಯಾಲಯದ ಜೋರ್ಡನ್ ಥಾಂಪ್ಸನ್ ಹಳೆಯ ಉದಾಹರಣೆ. ಚಾಂಪಿಯನ್ನರ ಸಾಲಿನಲ್ಲಿಲ್ಲದ ಆ ತಂಡಕ್ಕೆ ಆಡುತ್ತ 2019ರಲ್ಲಿ ಒಂದೇ ಪಂದ್ಯದಲ್ಲಿ 50 ಬಾರಿ ಚೆಂಡನ್ನು ನೆಲಕ್ಕೆ ಹೊಡೆದು ಅಂಕ ಗಳಿಸಿದ ಅವರು ಎರಡು ವರ್ಷದಲ್ಲಿ ಒಲಿಂಪಿಕ್ ಚಿನ್ನ ಗೆದ್ದ ತಂಡದಲ್ಲಿದ್ದರು.

ಓದು ಮತ್ತು ಕನ್ನಡಿಗರ ಮನೆಗಳು

ಅಂಗಳದಲ್ಲಿ ಆಯ್ಕೆಯಾದರೂ ಎನ್‌ಸಿಎಎ ಅರ್ಹತಾ ಕೇಂದ್ರದ ಒಪ್ಪಿಗೆ ಸಿಗದೆ ಆಡುವಂತಿಲ್ಲ. ಒಂಬತ್ತರಿಂದ ಹನ್ನೆರಡನೇ ತರಗತಿಯೊಳಗೆ ನಿಗದಿತ 16 ಮೂಲ ವಿಷಯಗಳನ್ನು ಓದಿರಬೇಕು. ಮೊದಲ ವಿಭಾಗಕ್ಕೆ ಅವುಗಳ ಗ್ರೇಡ್ ಸರಾಸರಿ (ಜಿಪಿಎ) 2.3, ಎರಡನೆಯದಕ್ಕೆ 2.2 ಇರಬೇಕು. ಪ್ರವೇಶ ಪರೀಕ್ಷೆಯ ಅಂಕದ ಷರತ್ತನ್ನು 2023ರಲ್ಲಿ ಕೈಬಿಟ್ಟರು. ಇದು ಕನಿಷ್ಠ ಮಟ್ಟ ಅಷ್ಟೇ. ಸ್ಟ್ಯಾನ್‌ಫರ್ಡ್‌ನಂಥ ಕಡೆ ಪ್ರವೇಶ ಸಮಿತಿ ಒಪ್ಪದೆ ಕೋಚ್‌ಗೆ ದಾರಿಯಿಲ್ಲ. ಐವಿ ಲೀಗ್‌ನ ಎಂಟು ವಿಶ್ವವಿದ್ಯಾಲಯಗಳು ಆಟಕ್ಕೆಂದು ವಿದ್ಯಾರ್ಥಿವೇತನವನ್ನೇ ಕೊಡುವುದಿಲ್ಲ, ಮನೆಯ ಆದಾಯ ನೋಡಿ ನೆರವು ಕೊಡುತ್ತವೆ. ಆದರೆ ಕೋಚ್ ಬೆಂಬಲಿಸಿದ ಹುಡುಗಿಗೆ ಪ್ರವೇಶದಲ್ಲಿ ಸಿಗುವ ಬಲ ಬೇರೆ ಯಾವ ಚಟುವಟಿಕೆಯಿಂದಲೂ ಸಿಗದು.

ಡಲ್ಲಾಸ್, ಷಿಕಾಗೊ, ನ್ಯೂಜೆರ್ಸಿ, ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಮಾತು ಮುಖ್ಯವಾದದ್ದು. ಆಟ ಓದಿಗೆ ಅಡ್ಡಿ ಎಂಬ ನಮ್ಮ ಹಳೆಯ ಎಣಿಕೆ ಅಲ್ಲಿ ಸಲ್ಲುವುದಿಲ್ಲ. ಒಳ್ಳೆಯ ಅಂಕಗಳಿರುವ ಆಟಗಾರ್ತಿಯನ್ನು ಕೋಚ್ ಹೆಚ್ಚು ಧೈರ್ಯದಿಂದ ಕರೆಯುತ್ತಾರೆ. ಕರ್ನಾಟಕದಲ್ಲೇ ಓದಿ ಅಮೆರಿಕದ ಕಾಲೇಜಿಗೆ ಹೋಗಬಯಸುವ ಆಟಗಾರ್ತಿ ಒಂಬತ್ತನೇ ತರಗತಿಯಿಂದ ಪಿಯುಸಿವರೆಗಿನ ಅಂಕಪಟ್ಟಿಗಳನ್ನು ಅರ್ಹತಾ ಕೇಂದ್ರಕ್ಕೆ ಕಳಿಸಬೇಕಾಗುತ್ತದೆ. ಅವಳನ್ನು ನೋಡಲು ಯಾವ ಕೋಚೂ ಇಲ್ಲಿಯವರೆಗೆ ಬರುವ ಸಂಭವ ಕಡಿಮೆ, ವಿಡಿಯೊ ಮತ್ತು ಪತ್ರವೇ ಅವಳ ಕ್ಲಬ್ ಟೂರ್ನಿ. ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಜಾಹೀರಾತಿನಿಂದ ಸಂಪಾದಿಸುವ ಹಾದಿ ಬಹುಮಟ್ಟಿಗೆ ಮುಚ್ಚಿದೆ, ವಿದ್ಯಾರ್ಥಿವೇತನಕ್ಕೆ ಆ ತೊಡಕಿಲ್ಲ.

ಅಮೆರಿಕದ ಪ್ರೌಢಶಾಲೆಗಳಲ್ಲಿ ವಾಲಿಬಾಲ್ ಆಡುವ ಹುಡುಗಿಯರು ನಾಲ್ಕೂವರೆ ಲಕ್ಷಕ್ಕೂ ಹೆಚ್ಚು. ಎನ್‌ಸಿಎಎಯ ಮೂರೂ ವಿಭಾಗ ಸೇರಿ ಕಾಲೇಜು ತಂಡಗಳಲ್ಲಿರುವವರು ಹದಿನೇಳು ಹದಿನೆಂಟು ಸಾವಿರದ ಆಸುಪಾಸು. ಈ ಮೂರು ವಿಭಾಗಗಳಲ್ಲಿ ಅತಿ ಹೆಚ್ಚು ಮಹಿಳಾ ತಂಡಗಳಿರುವುದು ಮೂರನೆಯದರಲ್ಲಿ, ನಾನೂರಕ್ಕೂ ಮಿಗಿಲು. ಅಲ್ಲಿ ಆಟಕ್ಕೆಂದು ಒಂದು ಡಾಲರ್ ವಿದ್ಯಾರ್ಥಿವೇತನವೂ ಇಲ್ಲ.